ಸುಟ್ಟ ಬ್ಯಾಟರಿಯ ಪಕ್ಕ ನಿನ್ನ ಅಕ್ಕನನ್ನು ಇಟ್ಟೆಯಲ್ಲ

ಗಂಜಾಂ, ಶ್ರೀರಂಗಪಟ್ಟಣ
ಏಪ್ರಿಲ್ ೧೯೯೮

ಸುಬ್ರಹ್ಮಣ್ಯ,

ಕ್ಷೇಮ ಸಮಾಚಾರ ಆಮೇಲೆ. ನೀನು ರಜೆ ಮುಗಿಸಿ ದುಬೈ ವಿಮಾನ ಹತ್ತುವ ಮೊದಲು ಈ ಕಾಗದ ಕೆ.ಆರ್. ಪೇಟೆಗೆ, ನಿನ್ನ ಮಾವನ ಮನೆಗೆ ಮುಟ್ಟಲಿ ಅಂತ ಕೆಲಸ ಬಿಟ್ಟು ಕೂತಿದ್ದೇನೆ. ಎದುರಿಗೇ ಬಂದು ಹೇಳಬಹುದಿತ್ತು. ಎದುರಿಗೆ ಬಂದರೆ ನನಗೆ ಮೊದಲು ಕಣ್ಣಲ್ಲಿ ನೀರು ಬರುತ್ತದೆ, ಆಮೇಲೆ ಮಾತು. ನಿನಗೋ ನಗು ಬರುತ್ತದೆ. ಕಾಗದವೇ ಸರಿ.

ಸಂತೆಬಾಚಹಳ್ಳಿಯ ಗೃಹಪ್ರವೇಶದಲ್ಲಿ, ಊಟ ಮುಗಿಸಿ ಎಲ್ಲರೂ ಚಪ್ಪರದ ಕೆಳಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ, ನೀನು ಏನಂದೆ? "ನಮ್ ಭಾವುನ್ ಕೈಗೆ ಮಾತ್ರ ಏನೂ ಕೊಡ್ಬ್ಯಾಡಿ ಕಣ್ರಪ್ಪ. ಅಕ್ಕನ್ನ ಕೊಟ್ಟೋ, ಉಳಿಸ್ಕಳ್ನಿಲ್ಲ. ದುಬೈ ಮಿಷಿನ್ ಕೊಟ್ಟೆ, ಅದ್ನೂ ಸುಟ್ಟಾಕ್ಬುಟ್ರು." ಎಲ್ಲರೂ ನಕ್ಕರು. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಶಿವಲಿಂಗಯ್ಯನವರೂ ನಕ್ಕರು. ಪಾಂಡವಪುರದಲ್ಲಿ ಕಲ್ಯಾಣಮಂಟಪ ಕಟ್ಟಿಸುತ್ತಿರುವವರು, ಅದರ ಬಾಗಿಲು ಕಿಟಕಿ ಕೆಲಸವನ್ನೆಲ್ಲ ನನ್ನನ್ನು ನಂಬಿ ಕೊಟ್ಟವರು ಅವರು. ಆ ಮಾತನ್ನು ನೀನು ವಾಪಸ್ಸು ತೆಗೆದುಕೊಳ್ಳಬೇಕು. ಇದು ಈ ಪತ್ರದ ಸಬ್ಜೆಕ್ಟು. ಇನ್ನುಳಿದದ್ದು, ನಮ್ಮ ಕಾಲೇಜಿನಲ್ಲಿ ಅನ್ನುತ್ತಿದ್ದ ಹಾಗೆ, ಎಕ್ಸ್‌ಪ್ಲನೇಷನ್ನು.

ಮೊದಲು ಮಿಷಿನ್ನಿನ ವಿಷಯ. ಹೋದ ಬೇಸಿಗೆಯ ರಜೆಯಲ್ಲಿ ವೈರಿಲ್ಲದ ಎರಡು ಡ್ರಿಲ್ಲು ತಂದೆ. ಕೆಂಪು ಬಣ್ಣದ್ದು ನನಗೆ, ಹಸಿರು ಬಣ್ಣದ್ದು ನಾಗಮಂಗಲದ ನಿನ್ನ ದೊಡ್ಡಪ್ಪನ ಮಗ ಹೊನ್ನಪ್ಪನಿಗೆ. ತಂದಿದ್ದು ದೊಡ್ಡ ಮನಸ್ಸೇ, ಅಲ್ಲ ಅನ್ನುವುದಿಲ್ಲ. ಕರೆಂಟೇ ಬಾರದ ಹೊಸ ಕಟ್ಟಡದಲ್ಲಿ ಗುಂಡಿ ಒತ್ತಿದರೆ ತೂತು ಬೀಳುವುದನ್ನು ಕಂಡು ನಾನೇ ಚಿಕ್ಕ ಹುಡುಗನಂತೆ ಕುಣಿದಿದ್ದೆ. ಆದರೆ ನಾನು ಕೆಲಸ ಮಾಡುವುದು ಹೊನ್ನೆ ಮರದಲ್ಲಿ ಮಾರಾಯ. ಉಳಿಯ ಬಾಯನ್ನೇ ಮುರಿಯುವ ಮರ ಅದು. ಮೇಲೆ ಮಾರ್ಚ್ ತಿಂಗಳ ಬಿಸಿಲು, ಸಾರುವೆಯ ಮೇಲೆ ನಿಂತು ಚೌಕಟ್ಟಿಗೆ ತೂತು ಹಾಕುವ ಕೆಲಸ. ಬ್ಯಾಟರಿ ಕಾದು ಕೈ ಸುಡುತ್ತಿತ್ತು. ಪಾಂಡವಪುರದ ಎಸ್‌ಟಿಡಿ ಬೂತಿನಿಂದ ನಿನಗೆ ಫೋನು ಮಾಡಿ ಕೇಳಲಿಲ್ಲವೇ? "ಒದ್ದೆ ಬಟ್ಟೆ ಸುತ್ತಿ ಭಾವ, ಕರೆಂಟ್ ಬಂದ್ ತಕ್ಷಣ ಚಾರ್ಜಿಗ್ ಹಾಕ್ಬುಡಿ, ಆಮೇಲ್ ಹೋಯ್ತದೆ ಕರೆಂಟು" ಅಂದೆ ನೀನು. ಡಬ್ಬದೊಳಗಿನ ಇಂಗ್ಲಿಷ್ ಕಾಗದದಲ್ಲಿ ಬಿಸಿ ಇರುವಾಗ ಚಾರ್ಜ್ ಮಾಡಬಾರದು ಅಂತ ಇದೆಯಲ್ಲಪ್ಪ ಅಂತ ನಾನು ಕೇಳಿದೆ. "ಆ ಪೇಪರ್ ಓದ್ಕಂಡ್ ಕೂತ್ರೆ ಕೆಲ್ಸ ಆಯ್ತದಾ? ನಾನ್ ದಿನಾ ಅದೇ ಅಂಗ್ಡಿಲಿ ಇರೋನು" ಅಂತ ನೀನು. ನೀನು ಕೆಲಸ ಮಾಡುವುದು ದುಬೈಯಲ್ಲಿ, ಏಸಿ ಹಾಕಿದ ಮಿಷಿನ್ ಅಂಗಡಿಯೊಳಗೆ. ನಮ್ಮ ಬಿಸಿಲನ್ನು ನೀನು ಫೋನಿನಲ್ಲಿ ಹೇಗೆ ಕಂಡೆಯೋ!

ಕಾದ ಉಳಿಯನ್ನು ನೀರಿಗದ್ದಿ ಬೆಳೆದವರು ನಾವು. ಒದ್ದೆ ಬಟ್ಟೆ ಅಂದಾಗ ನನಗೂ ಸರಿಯೆನಿಸಿತು. ನೀನು ಹೇಳಿದಂತೆಯೇ ಮಾಡಿದೆವು. ಒಂದು ದಿನ ಬ್ಯಾಟರಿ ಉಬ್ಬಿ, ನನ್ನ ಜೊತೆ ಕೆಲಸ ಮಾಡುವ ಚಿಕ್ಕಸ್ವಾಮಿಯ ಕೈಯಲ್ಲೇ ಹೊಗೆಯಾಡಿತು. "ಅಯ್ಯಯ್ಯೋ, ಇದ್ಯಾಕೋ ಬೀಡಿ ಸೇದ್ತಾ ಅದೆ ಕಣಣ್ಣ!" ಅಂತ ಮರಳಿನ ಗುಡ್ಡೆಗೆ ಎಸೆದ. ಅವನ ಅಂಗೈ ಬೊಬ್ಬೆ ಇನ್ನೂ ಮಾಗಿಲ್ಲ. ನೀನು ಅವನನ್ನು ಹೇಗಿದ್ದೀಯ ಅಂತ ಕೇಳಲಿಲ್ಲ. ಸಂತೆಬಾಚಹಳ್ಳಿಯಲ್ಲಿ ನಿಂತು, "ಹೊನ್ನಪ್ಪುಂದು ನೋಡಿ, ವರ್ಷಾಯ್ತಾ ಬಂತು, ಹೊಸದಿದ್ದಂಗೇ ಅದೆ" ಅಂತ ಬೇರೆ ಸೇರಿಸಿದೆ.

ಕಾಲೇಜಿನ ಪರೀಕ್ಷೆಯಲ್ಲಿ ಕಂಪೇರ್ ಅಂಡ್ ಕಾಂಟ್ರಾಸ್ಟ್ ಅಂತ ನಮಗೊಂದು ಪ್ರಶ್ನೆ ಬರುತ್ತಿತ್ತು. ಅದಕ್ಕೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಆದ್ದರಿಂದ ಕೆಂಪು ಮಿಷಿನ್ನು, ಅದರ ಇನ್ನೊಂದು ಬ್ಯಾಟರಿ, ಒಂದು ಹೊನ್ನೆ ಹಲಗೆ, ಇಷ್ಟನ್ನೂ ಗೋಣಿಚೀಲಕ್ಕೆ ತುಂಬಿ ನಾಗಮಂಗಲದ ಬಸ್ಸು ಹತ್ತಿದೆ. ಕಂಡಕ್ಟರು ಹಲಗೆಗೂ ಲಗೇಜು ಟಿಕೀಟು ಹರಿದ, ಅದಿರಲಿ. ಹೊನ್ನಪ್ಪನ ಪ್ಲೈವುಡ್ ಅಂಗಡಿಯಲ್ಲಿ ಹಸಿರು ಮಿಷಿನ್ನು ಎಲ್ಲಿತ್ತು ಗೊತ್ತೇ? ಗಾಜಿನ ಬೀರುವಿನಲ್ಲಿ, ಆಯುಧಪೂಜೆಯ ಕುಂಕುಮ, ಒಣಗಿದ ಚೆಂಡು ಹೂವಿನ ಸಮೇತ!

"ಇದ್ನ ಓಡ್ಸಕಿಲ್ವೇನ್ಲಾ?" ಅಂದೆ.

"ಪೂಜೆ ಮಾಡಿ ಮಡಗಿದ್ದು ಕಣ್ ಭಾವ. ಗಿರಾಕಿಗೊಳು ನೋಡ್ಲಿ ಅಂತ. ಸುಬ್ಬಣ್ಣಿ ಬಂದಾಗ ಕೈಲಿ ಇಡ್ಕಂಡು ನಿಂತ್ಕತೀನಿ, ಅವನ್ಗೂ ಕುಸಿ."

"ಅಂದ್ರೆ ಒಂದ್ ತೂತೂ ಆಕಿಲ್ಲ?"

"ನಂಗ್ಯಾಕ್ ಭಾವ, ಕರೆಂಟಿನ ಡ್ರಿಲ್ ಅದಲ್ಲ!"

ಅವನ ಅಂಗಡಿಯ ಮುಂದೆಯೇ ಬಿಸಿಲಿನಲ್ಲಿ ಹಲಗೆ ಇಟ್ಟು, ಎರಡಕ್ಕೂ ಒಂದೇ ಅಳತೆಯ ಡ್ರಿಲ್‌ಬಿಟ್ ಹಾಕಿ ನಡೆಸಿದೆವು. ನ್ಯಾಯವಾಗಿ ಹೇಳುತ್ತೇನೆ, ಹಸಿರಿನದು ಸ್ವಲ್ಪ ಮೇಲು. ಅದರ ಬ್ಯಾಟರಿ ಹಿಡಿಯ ಕೆಳಗೆ ಗಾಳಿಗೆ ತೆರೆದಿರುತ್ತದೆ. ಕೆಂಪಿನದು ಹಿಡಿಯೊಳಗೇ ಬೇಯುತ್ತದೆ. ಕೆಂಪು ಮೊದಲು ನಿಂತಿತು. ಅದಾಗಿ ಸ್ವಲ್ಪ ಹೊತ್ತಿಗೆ ಹೊನ್ನಪ್ಪ "ಥೂ ಇವ್ನ, ರೊಟ್ಟಿ ಅಂಚು ಕಾದಂಗ್ ಕಾಯ್ತು!" ಅಂತ ಹಸಿರನ್ನೂ ಕೆಳಗಿಟ್ಟು ಕೈ ಕೊಡವಿದ. ದುಡಿದರೆ ಎರಡೂ ಕಾಯುತ್ತವೆ ಸುಬ್ರಹ್ಮಣ್ಯ. ಹಸಿರು ಇಷ್ಟು ದಿನ ಕಾಯದೇ ಇದ್ದದ್ದು ಬೀರುವಿನಲ್ಲಿ ಇದ್ದದ್ದಕ್ಕೆ. ಬೇಕಾದರೆ ಹೊನ್ನಪ್ಪನನ್ನೇ ಕೇಳು, "ಬರ್ಕಳಿ ಭಾವ, ನಾನೂ ಏಳ್ತೀನಿ" ಅಂದಿದ್ದಾನೆ.

ಇಷ್ಟಾದರೂ, ಮಿಷಿನ್ನಿನ ಮಾತನ್ನು ನಾನು ನುಂಗಿಕೊಳ್ಳುತ್ತಿದ್ದೆ. ಶಿವಲಿಂಗಯ್ಯನವರು ಗೃಹಪ್ರವೇಶದ ಮಾರನೆಯ ದಿನವೇ "ಆಚಾರ್ರೆ, ಕೈ ಬೈರಿಗೆನೇ ಸಾಕಲ್ವಾ?" ಅಂದರು. ಹೂಂ ಅಂದೆ. ಬೈರಿಗೆ ತಿರುಗಿಸುವ ರಟ್ಟೆ ಇನ್ನೂ ಇದೆ. ಮಿಷಿನ್ನಿಗೆ ಮುಂಚೆ ಅಕ್ಕನ ಮಾತು ಆಡಿದೆಯಲ್ಲ, ಅದು ಗಂಟಲಲ್ಲಿ ಇಳಿಯುತ್ತಿಲ್ಲ.

ನಿನ್ನ ಅಕ್ಕ ಪುಟ್ಟತಾಯಿಯ ಕಾಯಿಲೆ ರಕ್ತದಲ್ಲಿತ್ತು. ಮೈಸೂರಿನ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಇಂಗ್ಲಿಷು ಅರ್ಧಂಬರ್ಧ, ಒಂದು ವರ್ಷದ ಪಿಯುಸಿಯದು; ಎಷ್ಟೋ ತಲೆಯ ಮೇಲೆ ಹೋಯಿತು. ಆದರೆ ಇನ್‌ಕ್ಯೂರಬಲ್ ಅನ್ನುವ ಪದ ನನಗೆ ಗೊತ್ತಿತ್ತು. ಅದೊಂದು ಮರೆತಿರಬಾರದಿತ್ತೇ ಅನ್ನಿಸಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದವಳು "ಏನಂದ್ರು?" ಅಂದಳು. "ರೆಸ್ಟ್ ತಗಬೇಕಂತೆ" ಅಂದೆ. "ಒಂದ್ ಸುಳ್ ಏಳಕ್ಕೂ ಬರಕಿಲ್ವಲ್ಲ ನಿಮ್ಗೆ" ಅಂದು ನನ್ನ ಕೈ ಹಿಡಿದುಕೊಂಡಳು. ಏನೂ ಉಳಿಯುವುದಿಲ್ಲ ಅಂತ ನೀನು ಊರಿಗೆಲ್ಲ ಸಾರಿದ ಕೈ ಅದೇ.

ನಿನಗೆ ಕಂಪನಿಯವರು ರಜೆ ಕೊಡಲಿಲ್ಲ, ನೀನು ಬಂದಾಗ ಎಲ್ಲ ಮುಗಿದಿತ್ತು. ನಾನು ಅದನ್ನು ಇವತ್ತಿನವರೆಗೆ ಒಂದು ಕಡೆಯೂ ಆಡಿಲ್ಲ. ನಿನಗೂ ಒಳಗೆ ಉರಿಯುತ್ತಿರಬಹುದು. ಹಾಗಂತ ನನ್ನ ಮೇಲೆ ಸುರಿಯುವುದೇ? "ಕೊಟ್ಟೋ" ಅಂದೆ ನೀನು. ವಾರಂಟಿ ಚೀಟಿ ಕಟ್ಟಿ ನೀವು ನನಗೆ ಕೊಟ್ಟ ಸಾಮಾನೇನೋ ಅವಳು? ನನ್ನ ಜೊತೆ ಬಾಳಿದವಳು. ಮರದ ಡಿಪೋದಲ್ಲಿ ದಿಮ್ಮಿಗೆ ಬೆರಳಿನಿಂದ ಕುಟ್ಟಿ "ಇದ್ರೊಳ್ಗೆ ಟೊಳ್ಳದೆ, ಬ್ಯಾಡ" ಅಂದು ವ್ಯಾಪಾರಿಯ ಬಾಯಿ ಮುಚ್ಚಿಸುತ್ತಿದ್ದಳು. ನನ್ನೊಡನೆ ಜಗಳವಾಡಿದರೆ ಮೂರು ದಿನ ಮಾತು ಬಿಟ್ಟು, ಸಾರಿಗೆ ಉಪ್ಪು ಮಾತ್ರ ಸರಿಯಾಗಿಯೇ ಹಾಕುತ್ತಿದ್ದಳು. ಅವಳನ್ನು ಉಳಿಸಿಕೊಳ್ಳುವುದು ನನ್ನ ಕೈಯಲ್ಲಿದ್ದಿದ್ದರೆ ನಿನ್ನ ಮಾತು ಕೇಳಲು ನಾನು ಸಂತೆಬಾಚಹಳ್ಳಿಗೆ ಒಬ್ಬನೇ ಬರುತ್ತಿದ್ದೆನೇ?

ಬರುವ ಗುರುವಾರ ಅವಳ ತಿಥಿ. ಶಿವಲಿಂಗಯ್ಯನವರಿಗೆ, ಹೊನ್ನಪ್ಪನಿಗೆ, ಅಂದು ನಕ್ಕವರಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ನೀನೂ ಬಾ. ಮಿಷಿನ್ನಿನ ಮಾತು ಎತ್ತಬೇಡ, ಅದು ನನ್ನಿಂದಲೇ ಸುಟ್ಟಿತು ಅಂತಲೇ ಇರಲಿ. ಎಲೆ ಹಾಕುವ ಮೊದಲು ಎದ್ದು ನಿಂತು, ಅಕ್ಕನ ವಿಷಯದಲ್ಲಿ ನಾನು ಆಡಿದ್ದು ತಪ್ಪು ಅಂತ ಒಂದು ಮಾತು ಹೇಳು. ಹೇಳದೆ ಸುಮ್ಮನೆ ಬಂದು ಕೂತರೂ ನಿನಗೆ ಎಲೆ ಬೀಳುತ್ತದೆ, ಅವಳ ತಮ್ಮ ನೀನು. ಆದರೆ ಬಡಿಸುವವನು ನಾನಾಗಿರುವುದಿಲ್ಲ.

ನಿನ್ನ ಹೆಂಡತಿ ಮಕ್ಕಳು ತಣ್ಣಗಿರಲಿ, ನಿನ್ನ ವಿಮಾನ ಕ್ಷೇಮವಾಗಿ ಇಳಿಯಲಿ ಎಂದು ಹರಸುವ, ಸಿಟ್ಟು ಇನ್ನೂ ಇಳಿಯದ

ನಿನ್ನ ಭಾವ,
ಕೆಂಪಾಚಾರಿ