ಕೆಡ್ಡಸಕ್ಕೆ ಬಂದ ಲಿಯೆನ್

ಫೆಬ್ರವರಿ 8, ಸಂಜೆ

ಡ್ರಮ್ ಮೂವತ್ತೆಂಟು. ಮುಚ್ಚಳ ಸಡಿಲವಾದದ್ದು ಎರಡು. ಗಿರಾಕಿ — ಸೊನ್ನೆ. ಮೀನಿನ ತಲೆ, ಕರುಳು, ಬೆಲ್ಲ ಸೇರಿಸಿ ಕೊಳೆಸಿದ ಗೊಬ್ಬರದ ನೀರು ಕಾವೂರಿನ ಶೆಡ್ಡಿನಲ್ಲಿ ಸುಮ್ಮನೆ ಕೂತಿದೆ. ಮೀನುಬೋಟು ನಿಲ್ಲುವ ದಕ್ಕೆಯಲ್ಲಿ ಐಸ್ ಹೊತ್ತು ಮೇಲೆ ಬಂದವ ನಾನು. ಬಾಯಿ ಒಂದಿದ್ದರೆ ಏನನ್ನೂ ಮಾರಬಹುದು ಅಂದುಕೊಂಡಿದ್ದೆ. ಇದನ್ನು ಮಾರಲಿಕ್ಕೆ ಆಗಲಿಲ್ಲ.

ಲಿಯೆನ್ ಬಂದಿಳಿದಳು, ವಿಯೆಟ್ನಾಮಿನಿಂದ. ನಾಲ್ಕು ವರ್ಷದ ಹಿಂದೆ ಕೊಚ್ಚಿಯ ಮೀನು ಮೇಳದಲ್ಲಿ ಗುರುತಾದವಳು. ಆಮೇಲೆಲ್ಲ ವಾಟ್ಸಾಪ್ ಸ್ನೇಹ. ಅವಳ ಇಂಗ್ಲಿಷೂ ನನ್ನದೂ ಒಂದೇ ತೂಕದ್ದು, ಹಾಗಾಗಿ ಜಗಳವಿಲ್ಲ. ಈ ಗೊಬ್ಬರ ಕಲಿಸಿದವಳೇ ಅವಳು. ಅಲ್ಲಿ ಎಂಟುನೂರು ರೈತರು ಅವಳ ಹತ್ತಿರ ಕೊಳ್ಳುತ್ತಾರೆ.

ಡ್ರಮ್ಮಿಗೆ ಮೂಗಿಟ್ಟಳು. “ಚೆನ್ನಾಗಿದೆ. ಯಾರ ಗದ್ದೆಗೆ ಹಾಕಿದ್ದೀ?”

“ಯಾರದ್ದಕ್ಕೂ ಇಲ್ಲ.”

“ಹಾಗಾದರೆ ಇದು ಗೊಬ್ಬರ ಅಲ್ಲ. ಬರೀ ವಾಸನೆ.”

ಹದಿಮೂರಕ್ಕೆ ಅವಳ ವಿಮಾನ. ಅಷ್ಟರೊಳಗೆ ಒಬ್ಬ ರೈತ ಒಂದು ತುಂಡು ಜಾಗ ಕೊಟ್ಟರೆ ಈ ಕೆಲಸ ಮುಂದುವರಿಸುವುದು. ಇಲ್ಲವಾದರೆ ಶೆಡ್ ಖಾಲಿ. ಮನಸ್ಸಿನಲ್ಲೇ ಗೆರೆ ಎಳೆದಾಗಿದೆ. ವಾಮಂಜೂರು ದಾಟಿ ಒಳಗೆ ಹತ್ತು ಮನೆಗಳಿಗೆ ಫೋನ್ ಮಾಡಿದ್ದೇನೆ. ಎಲ್ಲರೂ “ಬನ್ನಿ ಬನ್ನಿ” ಅಂದಿದ್ದಾರೆ. ತುಸು ಹೆಚ್ಚೇ ಖುಷಿಯಿಂದ.

ಫೆಬ್ರವರಿ 10, ಮಧ್ಯಾಹ್ನ

ಮರ್ಯಾದೆ ಹೋಯಿತು.

ಮೊದಲ ಮನೆ ಗುಣಪಾಲನದು. ಅವನು ಬಸ್ ಕಂಡಕ್ಟರ್, ಗದ್ದೆ ನೋಡಿಕೊಳ್ಳುವುದು ಅವನ ತಾಯಿ ಸೇಸಕ್ಕ. ಎಪ್ಪತ್ತು ದಾಟಿದೆ. ಭತ್ತ ಕೊಯ್ದ ಗದ್ದೆಯಲ್ಲಿ ಸೌತೆ ಬಳ್ಳಿ. ಲಿಯೆನ್ ಮಣ್ಣು ನೋಡಬೇಕೆಂದಳು. ಅಗೆಯಲು ನಾನು ಪಿಕ್ಕಾಸು ಎತ್ತಿದ್ದಷ್ಟೇ, ಸೇಸಕ್ಕ ಕೂಗಿದರು —

“ಏ ವಾಸು! ಕೆಳಗಿಡು! ಕೆಡ್ಡಸದ ದಿನ ಭೂಮಿಗೆ ಗಾಯ ಮಾಡ್ಲಿಕ್ಕೆ ಬಂದದ್ದಾ ನೀನು?”

ಕೆಡ್ಡಸ! ವರ್ಷಕ್ಕೊಮ್ಮೆ ಭೂಮಿತಾಯಿ ಮುಟ್ಟಾಗಿ ಮಲಗುವ ಮೂರು ದಿನ. ಅಗೆಯುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ನಾನು ನೋಡುವುದು ಬೋಟಿನವರ ಕ್ಯಾಲೆಂಡರ್. ಸಮುದ್ರಕ್ಕೆ ಕೆಡ್ಡಸವಿಲ್ಲ. “ಬನ್ನಿ ಬನ್ನಿ” ಅಂದವರೆಲ್ಲ ನಾನು ಹಬ್ಬಕ್ಕೆ ಬರುತ್ತೇನೆಂದೇ ತಿಳಿದಿದ್ದರಂತೆ…

ವಿಷಯ ಕೇಳಿ ಅಮ್ಮ — ಅಮ್ಮಣ್ಣಿ, ಬುಟ್ಟಿಯಲ್ಲಿ ಮೀನು ಹೊತ್ತು ನನ್ನನ್ನು ಸಾಕಿದವಳು — ಬಿಟ್ಟಳಾ?

“ಮೀನಿಗೆ ರಜೆ ಯಾವಾಗ ಅಂತ ಗೊತ್ತುಂಟು, ಭೂಮಿಗೆ ರಜೆ ಯಾವಾಗ ಅಂತ ಗೊತ್ತಿಲ್ಲ. ನನ್ನತ್ರ ಒಂದು ಮಾತು ಕೇಳ್ಲಿಕ್ಕೆ ನಿನ್ನ ಬಾಯಿಗೆ ಎಂತ ಆಗಿತ್ತು? ಊರಿಡೀ ಮಾತಾಡ್ತದಲ್ಲ ಅದು!”

ಲಿಯೆನ್‌ಗೆ ಅರ್ಥ ಹೇಳಿದೆ. ನಗಲಿಲ್ಲ. “ಮೂರು ದಿನ ವಿಶ್ರಾಂತಿಯಾ? ಒಳ್ಳೆಯದು,” ಅಂದಳು. ಪಿಕ್ಕಾಸನ್ನು ಅವಳೇ ಕಾರಿನ ಡಿಕ್ಕಿಯಿಂದ ತೆಗೆದು ನಮ್ಮ ಮನೆಯ ಹಿಂದೆ ಇಟ್ಟಳು.

ಫೆಬ್ರವರಿ 11

ಲಿಯೆನ್‌ಳ ಲೆಕ್ಕ: ಕೆಲಸವಿಲ್ಲ ಎಂದರೆ ಎಲ್ಲರೂ ಮನೆಯಲ್ಲೇ. ಹೋಗೋಣ.

ಒಂಬತ್ತು ಮನೆ. ಒಂಬತ್ತು ತಟ್ಟೆ ನನ್ಯೆರಿ — ಹುರಿದ ಅಕ್ಕಿಹುಡಿ, ಬೆಲ್ಲ, ಕಾಯಿತುರಿ. ಲಿಯೆನ್ ಒಂಬತ್ತನ್ನೂ ತಿಂದಳು. ನಾನು ಗೊಬ್ಬರದ ಸ್ಯಾಂಪಲ್ ಬಾಟ್ಲಿ ಹಿಡಿದು ಒಂಬತ್ತು ಕಡೆಯೂ ಮಾತಾಡಿದೆ. ಫಲ — ಸೊನ್ನೆ. “ನಾರುವುದಿಲ್ವಾ?” ಎಂದು ಎಂಟು ಮನೆಯವರು ಕೇಳಿದರು. ಒಂಬತ್ತನೆಯವರು ಕೇಳಲಿಲ್ಲ. ವಾಸನೆ ಕಾರಿನಿಂದಲೇ ಬರುತ್ತಿತ್ತಂತೆ.

ವಾಪಸು ಬರುವಾಗ ಲಿಯೆನ್: “ಒಂಬತ್ತು ಮನೆಯಲ್ಲಿ ನೀನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.”

ಲೆಕ್ಕ ಹಾಕಿ ನೋಡಿದೆ. ಹೌದು. ಸೊನ್ನೆ.

ಫೆಬ್ರವರಿ 12, ಬೆಳಗ್ಗೆ ಒಂಬತ್ತು

ಕೊನೆಯ ದಿನ. ಭೂಮಿಗೆ ಮೀಯಿಸುವುದು. ಲಿಯೆನ್‌ಗೆ ನೋಡುವ ಆಸೆ. ಸೇಸಕ್ಕನಿಗೆ ಹೆದರುತ್ತಲೇ ಫೋನ್ ಮಾಡಿದ್ದೆ. “ಅವಳು ಬರ್ಲಿ. ನೀನು ಬಂದ್ರೆ ಬಾಯಿ ಮುಚ್ಚಿ ನಿಲ್ಲು.”

ತುಳಸಿಕಟ್ಟೆಯ ಎದುರು ಬಾಳೆ ಎಲೆಯಲ್ಲಿ ಎಣ್ಣೆ, ಸೀಗೆ, ಅರಶಿನ, ಕುಂಕುಮ, ಕನ್ನಡಿ, ಬಾಚಣಿಗೆ. ಸೇಸಕ್ಕ ನೆಲಕ್ಕೆ ಎಣ್ಣೆ ಬಿಟ್ಟರು. ಎಣ್ಣೆಯ ಗಿಂಡಿಯನ್ನು ಲಿಯೆನ್ ಕೈಗೂ ಕೊಟ್ಟರು. ಅವಳು ಮಗುವಿನ ನೆತ್ತಿಗೆ ಹಚ್ಚುವಂತೆ, ಅಂಗೈಯಲ್ಲಿ ಮೆಲ್ಲ ಸವರಿದಳು. ಸೇಸಕ್ಕ ಅದನ್ನೇ ನೋಡುತ್ತಿದ್ದರು.

ನಾನು ಬಾಯಿ ಮುಚ್ಚಿ ನಿಂತದ್ದು — ಸುಮಾರು ಇಪ್ಪತ್ತು ನಿಮಿಷ. ದಾಖಲೆ. ಆಮೇಲೆ ಒಂದೇ ಪ್ರಶ್ನೆ.

“ಸೇಸಕ್ಕ, ನಿಮ್ಮ ಸಣ್ಣ ಪ್ರಾಯದಲ್ಲಿ ಗದ್ದೆಗೆ ಎಂತ ಹಾಕ್ತಿದ್ರಿ?”

“ಸೊಪ್ಪು, ಹಟ್ಟಿಗೊಬ್ಬರ. ತೆಂಗಿನ ಬುಡಕ್ಕೆ ಬೂತಾಯಿ ಮೀನು. ನಿಮ್ಮ ಕಡೆಯವ್ರೇ ಗಾಡಿಯಲ್ಲಿ ತರ್ತಿದ್ರು. ರಾಶಿ ಸಿಕ್ಕಿದ ವರ್ಷ.” ಕೈಯ ಎಣ್ಣೆ ಸೆರಗಿಗೆ ಒರೆಸಿ, “ನಿನ್ನ ಆ ಬಾಟ್ಲಿ ತಾ ನೋಡ್ವ.”

ಮುಚ್ಚಳ ತೆಗೆದು ಮೂಸಿದರು. ಮತ್ತೊಮ್ಮೆ ಮೂಸಿದರು.

“ಅದೇ. ಬೆಲ್ಲ ಮಾತ್ರ ಹೆಚ್ಚಿಗೆ.”

“ಅಮ್ಮಾ, ನಾರ್ತದೆ ಅದು!” ಗುಣಪಾಲ ಜಗಲಿಯಿಂದ.

“ನಿನ್ನ ಬಸ್ಸಿನಷ್ಟು ಇಲ್ಲ. ಮಿಂದು ಎದ್ದ ಭೂಮಿತಾಯಿಗೆ ಊಟ ಬೇಡ್ವಾ? ವಾಸು, ನಾಳೆ ಬಿಸಿಲು ಏರುವ ಮೊದ್ಲು ತಾ. ಸೌತೆಗೆ. ಎರಡೇ ಸಾಲು. ಬಳ್ಳಿ ಸತ್ರೆ ನಿನ್ನ ಮನೆಗೇ ಬರ್ತೇನೆ ಮಾರಾಯ.”

ಕಾರು ಹತ್ತುವ ಮೊದಲೇ ಅಮ್ಮನಿಗೆ ಫೋನ್ ಮಾಡಿದೆ: ಎರಡು ಸಾಲು ಸಿಕ್ಕಿತು. ನನಗೆ!

ಫೆಬ್ರವರಿ 13

ಒಂದು ಬಕೆಟ್ ನೀರಿಗೆ ಒಂದು ಲೋಟ. ಲಿಯೆನ್ ಕೈಯಾರೆ ಕಲಸಿದಳು. ಎರಡು ಸಾಲಿಗೂ ಹಾಕಿದೆವು. ಸೇಸಕ್ಕ ಅವಳಿಗೆ ನನ್ಯೆರಿ ಕಟ್ಟಿಕೊಟ್ಟರು. ಏರ್‌ಪೋರ್ಟಿನಲ್ಲಿ ಇಳಿಯುವಾಗ ಲಿಯೆನ್ ಹೇಳಿದ್ದು ಇಷ್ಟೇ: “ಎಂಟುನೂರ ಒಂದು.”

ಮಾರ್ಚ್ 8, ಬೆಳಗ್ಗೆ

ಗುಣಪಾಲನ ಫೋನ್. “ಅಮ್ಮ ಬರ್ಲಿಕ್ಕೆ ಹೇಳಿದ್ರು.” ಯಾಕೆ, ಹೇಳಲಿಲ್ಲ. ಬಳ್ಳಿ ಸತ್ತಿತೆಂದೇ ಹೊರಟೆ.

ಸತ್ತಿಲ್ಲ. ಎಲೆ ಕಡು ಹಸಿರು. ಗದ್ದೆಯ ಅಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೇರೆ ಸಾಲು ಒಂದರಲ್ಲಿ ಮಿಡಿ ಹದಿನಾಲ್ಕು. ನಮ್ಮದು — ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು…

“ಏ ವಾಸು! ಮಿಡಿಗೆ ಬೆರಳು ತೋರಿಸಿ ಎಣಿಸ್ಬೇಡ, ಕೊಳೀತದೆ!”

ಸೇಸಕ್ಕನ ಕೂಗಿಗೆ ಕೈ ಕಿಸೆಗೆ ಹಾಕಿದೆ. ಪಕ್ಕದ ಮನೆಯವರು ಬೇಲಿಯ ಆಚೆ ನಿಂತು ಡ್ರಮ್ ಎಷ್ಟು ಉಂಟು ಎಂದು ಕೇಳುತ್ತಿದ್ದಾರೆ. ಲಿಯೆನ್‌ಗೆ ವಿಡಿಯೋ ಕಾಲ್ ಹಾಕಿದೆ. ಬಳ್ಳಿ ತೋರಿಸಿದೆ. “ಎಷ್ಟು?” ಎಂದಳು. ಬೆರಳು ಕಿಸೆಯಲ್ಲೇ ಇಟ್ಟುಕೊಂಡು, ಕಣ್ಣಲ್ಲೇ ಎಣಿಸುತ್ತಾ ಹೇಳಿದೆ: “ಇಪ್ಪತ್ತೆರಡು, ಇಪ್ಪತ್ತಮೂರು… ಇನ್ನೂ ಉಂಟು.”