ಬಿಸಿಯಾದ ಸೀಸೆಯನ್ನು ಏನು ಮಾಡಬೇಕು?

2187, ಫೆಬ್ರವರಿ ಮೂವತ್ತು
(ನಮ್ಮ ಕ್ಯಾಲೆಂಡರಿನಲ್ಲಿದೆ. ನಿಮ್ಮದರಲ್ಲಿ ಹುಡುಕಬೇಡಿ.)

ಪಶು ಲಸಿಕೆ ನಿಯಂತ್ರಣದ ಮೂರು ದಿನಗಳ ತರಬೇತಿಗೆ ಬಂದು ಕೂತಿರುವ ಅಧಿಕಾರಿಗಳೇ,

ನನ್ನ ಕನ್ನಡ ನಿಮಗೆ ಒರಟೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಮಾತು ಸವೆದಿದೆ, ಸಿಟ್ಟು ಸವೆದಿಲ್ಲ.

ನಾನೂ ಇದೇ ತರಬೇತಿ ಕೊಡುವವಳು. ನಮ್ಮಲ್ಲಿ ಇದನ್ನು ಮಂದೆವಾಸ ಅನ್ನುತ್ತೇವೆ. ಲಸಿಕೆಗೆ ಒಪ್ಪಿಗೆಯ ಸಹಿ ಹಾಕುವವರು ಅದನ್ನು ಚುಚ್ಚಿದ ಕುರಿಗಳ ಜೊತೆ ಇಪ್ಪತ್ತೊಂದು ದಿನ ಅವನ್ನು ಕೂಡುವ ರೊಪ್ಪದಲ್ಲೇ ಇರಬೇಕು. ಕುರಿಯ ಜ್ವರ ನೋಡಬೇಕು, ಹಿಕ್ಕೆ ಗುಡಿಸಬೇಕು, ಕುರಿ ಕಾಯುವವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಮೊನ್ನೆ ತರಬೇತಿಗೆ ಬಂದ ಅಧಿಕಾರಿಯೊಬ್ಬ, "ಮೇಡಂ, ನಂಗೆ ಕುರಿ ವಾಸನೆ ಆಗ್ಬರಲ್ಲ" ಅಂದ. "ಕುರೀಗೂ ನಿನ್ ವಾಸ್ನೆ ಆಗ್ಬರಲ್ಲ ಕಣಪ್ಪ, ಸಹಿಸ್ಕಂಡೈತೆ" ಅಂದಳು ಅಲ್ಲಿದ್ದ ಅಜ್ಜಿ. ಇಂಥವರನ್ನು ತಿದ್ದಿ ತಿದ್ದಿ ಸಾಕಾಗಿದೆ. ಆದರೆ ನಿಮ್ಮನ್ನು ನೋಡಿದರೆ ಇವನೇ ವಾಸಿ.

ನಿಮ್ಮ ಸಭೆಯ ಧ್ವನಿಮುದ್ರಣ ನಮ್ಮಲ್ಲಿ ಉಳಿದಿದೆ. ಎರಡು ದಿನದಿಂದ ನೀವು ಕೇಳುತ್ತಿರುವುದು ಕಾನೂನಿನ ಕಲಮು, ಪರವಾನಗಿ ನಮೂನೆ, ಪ್ರಯೋಗಾಲಯದ ಪರೀಕ್ಷೆ. ಬೇಡ ಅನ್ನುವುದಿಲ್ಲ. ಆದರೆ ಸೀಸೆಯೊಳಗಿನ ಲಸಿಕೆ ಕುರಿಯ ಚರ್ಮ ಮುಟ್ಟುವ ಮುಂಚಿನ ಕೊನೆಯ ಹತ್ತು ಮೈಲಿ ನಿಮ್ಮ ಪಾಠದಲ್ಲಿ ಎಲ್ಲಿದೆ?

ನಾಳೆ ಹಿಂದಿನ ಸಾಲಿನಿಂದ ಜುಂಜಮ್ಮ ಏಳುತ್ತಾಳೆ. ಗೊಲ್ಲರಹಟ್ಟಿಯ ಪಶುಸಖಿ, ಊರಿನ ದನ-ಕುರಿಗಳ ಆರೋಗ್ಯ ನೋಡಿಕೊಳ್ಳುವವಳು. ಕುರಿಗಳನ್ನು ಮಂದೆಗಟ್ಟಲೆ ಕೊಲ್ಲುವ ಹಿರೇಬೇನೆಯ ಲಸಿಕೆಯನ್ನು ಐಸ್ ಡಬ್ಬಿಯಲ್ಲಿ ಹೊತ್ತು ನಡೆಯುವವಳು, ಖಾಲಿ ಕುರ್ಚಿ ತುಂಬಲೆಂದು ನೀವೇ ಕರೆಸಿದವಳು. ಅವಳು ಕೇಳುತ್ತಾಳೆ: "ಸಾ, ಹಟ್ಟಿ ಸೇರೋದ್ರೊಳಗೆ ಐಸೆಲ್ಲ ನೀರಾಗಿರ್ತೈತೆ, ಸೀಸೆ ಬಿಸಿಯಾಗಿರ್ತೈತೆ. ಚೆಲ್ಲಿದ್ರೆ ಯಾಕೆ ಚೆಲ್ದೆ ಅಂತ ನೋಟೀಸು ಕೊಡ್ತೀರ. ಚುಚ್ಚಿದ್ರೆ ಯಾರೂ ಕೇಳಲ್ಲ. ನಾನೇನ್ ಮಾಡ್ಲಿ?" ವೇದಿಕೆಯ ಮೇಲಿನವರು, "ಇದು ನಿಯಂತ್ರಣದ ತರಬೇತಿ ಕಣಮ್ಮ, ಐಸ್ ಕ್ಯಾಂಡಿ ಅಂಗಡಿಯಲ್ಲ" ಅನ್ನುತ್ತಾರೆ. ನೀವೆಲ್ಲ ನಗುತ್ತೀರಿ. ಆ ನಗು ಹನ್ನೊಂದು ಸೆಕೆಂಡು ಇದೆ, ಎಣಿಸಿದ್ದೇನೆ.

ಆಮೇಲೆ ಆದದ್ದನ್ನೂ ಓದಿದ್ದೇನೆ. ಉತ್ತರ ಸಿಗದೆ ಅವಳು ಬಿಸಿ ಸೀಸೆಯ ಲಸಿಕೆಯನ್ನೇ ಚುಚ್ಚಿದಳು. ಬಿಸಿಗೆ ಸತ್ತ ಲಸಿಕೆ ನೀರಿಗೆ ಸಮ. ಬೇನೆ ಬಂತು, ಹಟ್ಟಿಯ ನಾನೂರು ಕುರಿ ಮೂಗು ಸೋರಿ, ಭೇದಿ ಹತ್ತಿ ಸತ್ತವು. ಲಸಿಕೆ ಸರಿಯಿತ್ತು, ಹಾಕಿದವಳು ಸರಿಯಿಲ್ಲ ಎಂದು ನಿಮ್ಮಲ್ಲೇ ಒಬ್ಬರು ವರದಿ ಬರೆದರು. ಅವಳ ಕೆಲಸ ಹೋಯಿತು. ಹಟ್ಟಿಯವರೂ ಅವಳನ್ನು ರೊಪ್ಪದ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಇದೇನು ನ್ಯಾಯ ಸ್ವಾಮಿ?

ನಾಳೆ ನಗಬೇಡಿ. ಬಿಸಿಯಾದ ಸೀಸೆ ಚೆಲ್ಲು, ನೋಟೀಸು ಬರುವುದಿಲ್ಲ, ಬೇರೆ ಸೀಸೆ ನಾವು ಹಟ್ಟಿಗೇ ಮುಟ್ಟಿಸುತ್ತೇವೆ ಎಂದು ಬರೆದು, ಸಹಿ ಹಾಕಿ ಅವಳ ಕೈಗೆ ಕೊಡಿ. ಅರ್ಧ ಹಾಳೆ ಸಾಕು. ಅಷ್ಟೂ ಕೈಲಾಗದಿದ್ದರೆ ವೇದಿಕೆಯ ಮೇಲಿನವರನ್ನು ಇಳಿಸಿ, ಅವಳು ಹತ್ತಿ ಪಾಠ ಹೇಳಲಿ.

ಬೊಮ್ಮಕ್ಕ,
ಮಂದೆವಾಸದ ಮೇಷ್ಟರು