ಮರದ ತುದಿಯ ಕಾವಲು

ಸರ್ವಸಾಕ್ಷಿಯೂ ಸರ್ವರಕ್ಷಕನೂ ಆದ ಪರಮಾತ್ಮನನ್ನು ನೆನೆದು, ಮಾರ್ಚ್ ತಿಂಗಳ ಹದಿಮೂರನೆಯ ದಿನವಾದ ಸೋಮವಾರ, ಪ್ರಾತಃಕಾಲ ಆರೂಕಾಲು ಗಂಟೆಗೆ ಬರೆದದ್ದು—

ಪ್ರಾರ್ಥನೆ ಮುಗಿಯಿತು. ಕಾಫಿ ಇನ್ನೂ ಬಂದಿಲ್ಲ. ಸೊಸೆ ಜಗಲಿಯಲ್ಲಿ ಕುಳಿತು ಯಂತ್ರಗರಗಸದ ಸರಪಳಿಗೆ ಅರ ಹಾಕುತ್ತಿದ್ದಾಳೆ. ಒಂದೊಂದು ಹಲ್ಲಿಗೆ ಮೂರು ಎಳೆತ, ಒಂದೇ ದಿಕ್ಕಿಗೆ. ಮರ ಉರುಳಿಸುವುದೇ ಆಕೆಯ ವೃತ್ತಿ, ಹನ್ನೆರಡು ವರ್ಷಗಳಾದವು. ಐವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ನನಗೆ ಆ ಬಗೆಯ ಶ್ರದ್ಧೆ ಅಪರಿಚಿತವಲ್ಲ.

"ಹರಿತ ಇದ್ರೆ ಚಕ್ಕೆ ಬರುತ್ತೆ ಮಾವ, ಮೊಂಡಾದ್ರೆ ಬರೀ ಪುಡಿ. ಪುಡಿ ಬಂತು ಅಂದ್ರೆ ಮನುಷ್ಯ ಮೆಷಿನ್ನ ತಳ್ಳೋಕೆ ಶುರು ಮಾಡ್ತಾನೆ. ತಳ್ಳಿದವರೇ ಕೈಕಾಲು ಕಳ್ಕೊಳ್ಳೋದು."

ಈ ಸಲದ ಮರ ನಮ್ಮ ಹಿತ್ತಿಲಿನದೇ. ಒಣಗಿ ಎರಡು ವರ್ಷವಾಯಿತು. ಪಕ್ಕದ ಮನೆಯ ಗಡಿಯಾರ ರಿಪೇರಿಯವನ ಮಾಡಿನ ಮೇಲೆ ಆಗಾಗ ಕೊಂಬೆ ಉದುರಿಸುತ್ತದೆ. ನಿನ್ನೆಯೂ ಬಂದು ಹೇಳಿದ: "ಪಂಡಿತ್ರೇ, ನಿಮ್ಮ ಮರ ಗಂಟೆಗೊಂದ್ಸಲ ಬಾರಿಸ್ತಿದೆ. ನನ್ನ ಗಡಿಯಾರಗಳೇ ಅಷ್ಟು ಸರಿಯಾಗಿ ಬಾರಿಸಲ್ಲ."

ಶನಿವಾರವೆಂದು ನಿಶ್ಚಯ. ಒಂದೇ ತೊಡಕು. ಆಕೆಯ ಜೊತೆಗಾರ, ಹಗ್ಗದವನು, ಮೂವತ್ತು ವರ್ಷ ಮರ ಹತ್ತಿಳಿದವನು, ಬಸ್ಸಿನ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಾನೆ. ಜೊತೆಗೊಬ್ಬರಿಲ್ಲದೆ ಸೊಸೆ ಮರಕ್ಕೆ ಕೈಹಚ್ಚುವವಳಲ್ಲ.

"ನೀವೇ ನಿಲ್ಲಿ ಮಾವ. ನಿಮ್ಮ ಕಣ್ಣು ಚೆನ್ನಾಗಿದೆ."

ಒಪ್ಪಿದೆ. ಎಪ್ಪತ್ತಾರರ ವಯಸ್ಸಿನಲ್ಲಿ ಹೊಸ ಉದ್ಯೋಗ.

ಮಾರ್ಚ್ ೧೬, ಗುರುವಾರ. ಸಂಜೆ.

ಪಾಠವಾಯಿತು. ಮರದ ಎತ್ತರದ ಎರಡರಷ್ಟು ದೂರದಲ್ಲಿ ನನ್ನ ಸ್ಥಾನ; ಹಿತ್ತಿಲ ಗೇಟಿನಾಚೆ, ನಲ್ಲಿಯ ಬಳಿ. ಕೊರಳಲ್ಲಿ ಸೀಟಿ. ಮೊದಲು ಮರ ಬೀಳಬೇಕಾದ ಕಡೆಗೆ ಬಾಯಿಯಂತೆ ಒಂದು ಕಚ್ಚು. ಬಳಿಕ ಹಿಂದಿನಿಂದ ಕೊಯ್ತ. ನಡುವೆ ಪೂರ್ತಿ ಕೊಯ್ಯದೆ ಒಂದು ಪಟ್ಟಿ ಉಳಿಸುವುದು. ಬಾಗಿಲಿಗೆ ಕೀಲು ಹೇಗೋ ಮರಕ್ಕೆ ಅದು ಹಾಗೆ. ಕೀಲು ಕೊಯ್ದರೆ ಮರ ತನ್ನಿಷ್ಟದ ಕಡೆಗೆ ಬೀಳುತ್ತದೆ. ಸೊಸೆ ತಾನು ಓಡಿಹೋಗುವ ದಾರಿಯನ್ನು, ಬೀಳುವ ದಿಕ್ಕಿಗೆ ಓರೆಯಾಗಿ ಹಿಂದಕ್ಕೆ, ಮೊದಲೇ ಕಲ್ಲುಕಡ್ಡಿ ತೆಗೆದು ಹಸನು ಮಾಡಿದಳು.

"ನಾನು ಕೆಳಗೆ ನೋಡ್ತಿರ್ತೀನಿ, ಕಿವಿ ಮುಚ್ಚಿರುತ್ತೆ. ಮೇಲೆ ಏನಾಗ್ತಿದೆ ನಂಗೆ ಗೊತ್ತಾಗಲ್ಲ. ನನ್ನ ನೋಡ್ಬೇಡಿ. ತುದಿ ನೋಡಿ. ಒಣಕೊಂಬೆ ಅಲ್ಲಾಡಿದ್ರೆ ಸೀಟಿ ಊದಿ. ಅಷ್ಟೇ ನಿಮ್ಮ ಕೆಲಸ."

ಯಂತ್ರ ಓಡಿಸಿ, ಕಿವಿಮುಚ್ಚು ಧರಿಸಿ, ಸೀಟಿ ಕೇಳಿಸುವುದೋ ಎಂದು ಎರಡು ಸಲ ಪರೀಕ್ಷಿಸಿದಳು. ಕೇಳಿಸಿತು.

ಮನೆಯಾಕೆ ಅಡುಗೆಮನೆಯಿಂದಲೇ: "ಅವರಿಗೆ ಪುಸ್ತಕದ ಚುಕ್ಕೆ ಕಾಣುತ್ತೆ ಮಗಳೇ, ಹಣೆ ಮೇಲಿರೋ ಕನ್ನಡಕ ಕಾಣಲ್ಲ. ಯೋಚನೆ ಮಾಡು."

ಮಾರ್ಚ್ ೧೮, ಶನಿವಾರ. ಮಧ್ಯಾಹ್ನ ಎರಡು.

ಮರ ಬಿತ್ತು. ಗೆರೆ ಎಳೆದ ಜಾಗದಲ್ಲೇ ಬಿತ್ತು. ಯಾರಿಗೂ ಗಾಯವಿಲ್ಲ. ಗಡಿಯಾರದವನ ಮಾಡು ಕ್ಷೇಮ. ಎಲ್ಲರೂ ನಗುತ್ತಿದ್ದಾರೆ.

ನಾನು ಕೋಣೆಯ ಬಾಗಿಲು ಹಾಕಿಕೊಂಡಿದ್ದೇನೆ.

ನಡೆದದ್ದನ್ನು ಬರೆಯಲೇಬೇಕು. ಕಚ್ಚು ಮುಗಿಯಿತು. ಆಕೆ ಹಿಂದಿನ ಕೊಯ್ತ ಆರಂಭಿಸಿದಳು. ಯಂತ್ರದ ಆರ್ಭಟ ಎದೆಯೊಳಗೆ ಇಳಿಯಿತು. ಭಯವಾಯಿತು. ಭಯವಾದಾಗ ಎಪ್ಪತ್ತು ವರ್ಷಗಳಿಂದ ಮಾಡುತ್ತ ಬಂದುದನ್ನೇ ಮಾಡಿದೆ— ಕೈಮುಗಿದು, ಕಣ್ಣುಮುಚ್ಚಿ, ಈಕೆಯನ್ನು ಕಾಪಾಡೆಂದು ಬೇಡಿದೆ.

ಲಟ್ಟೆಂಬ ಸದ್ದಿಗೆ ಕಣ್ತೆರೆದೆ. ತೊಡೆಗಾತ್ರದ ಕೊಂಬೆಯೊಂದು ಬುಡದಲ್ಲಿ, ಆಕೆ ನಿಂತಿದ್ದ ಹೆಜ್ಜೆಗುರುತಿನ ಮೇಲೆ, ಬಿದ್ದಿತ್ತು. ಕೊಯ್ತಕ್ಕೆ ಹೊಡೆಯುವ ಬೆಣೆಯನ್ನು ಎತ್ತಿಕೊಳ್ಳಲು ಸೊಸೆ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಎರಡೇ ಹೆಜ್ಜೆ.

ಯಂತ್ರ ನಿಲ್ಲಿಸಿ, ಮುಖದ ಜಾಲರಿ ಎತ್ತಿ, ದೂರದಿಂದಲೇ ಕೂಗಿದಳು: "ಊದಿದ್ರಾ ಮಾವ? ನಂಗೆ ಕೇಳಿಸ್ಲೇ ಇಲ್ಲ."

ತಲೆಯಾಡಿಸಿದೆ. ಹೌದೆಂಬಂತೆ.

ಮಾರ್ಚ್ ೧೯, ಭಾನುವಾರ.

ಪ್ರಾರ್ಥನೆಗೆ ಕುಳಿತೆ. ಕಣ್ಣು ಮುಚ್ಚಲಾಗಲಿಲ್ಲ. ಎದ್ದೆ.

ಮಾರ್ಚ್ ೨೪, ಶುಕ್ರವಾರ. ರಾತ್ರಿಯೂಟದ ಅನಂತರ.

ಐದು ದಿನ ಬರೆಯಲಿಲ್ಲ. ಬರೆಯಲು ಯೋಗ್ಯತೆಯಿರಲಿಲ್ಲ.

ಶಾಲೆಯ ಅಂಗಳದ ಒಣಮರದ ಕೆಲಸ ಸೊಸೆಗೆ ಬಂದಿದೆ. ಮುಂದಿನ ಶನಿವಾರ, ರಜೆಯ ದಿನ. ನಮ್ಮ ಮರದ ಒಂದೂವರೆಯಷ್ಟು ಎತ್ತರ. ಸಂಜೆ ನೋಡುತ್ತೇನೆ, ಜಗಲಿಯಲ್ಲಿ ಕುಳಿತು ಸ್ಕ್ರೂಡ್ರೈವರಿನಿಂದ ಹೆಲ್ಮೆಟ್ಟಿನ ಎಡಗಡೆಯ ಕಿವಿಮುಚ್ಚು ಬಿಚ್ಚುತ್ತಿದ್ದಾಳೆ.

"ಏನಮ್ಮ ಇದು?"

"ಅವತ್ತು ನೀವು ಊದಿದ್ದು ಕೇಳಿಸ್ಲಿಲ್ವಲ್ಲ. ಒಂದು ಕಿವಿ ತೆರೆದಿಟ್ಕೊಂಡು ಮಾಡ್ತೀನಿ. ಕಿವಿ ಹಾಳಾದ್ರೆ ಆಗ್ಲಿ, ಜೀವ ಉಳಿಯುತ್ತೆ."

ನನ್ನ ಸುಳ್ಳಿಗೆ ಆಕೆಯ ಕಿವಿ ದಂಡ ತೆರಬೇಕಾಗಿತ್ತು. ಅದು ಸಾಲದೆಂದು, ಮತ್ತೂ ಎತ್ತರದ ಮರದ ಕೆಳಗೆ ನನ್ನನ್ನೇ ನಂಬಿ ನಿಲ್ಲಲಿದ್ದಳು.

"ಮಗಳೇ, ನಾನು ಊದಲಿಲ್ಲ."

"ಅಂದ್ರೆ?"

"ಕೊಂಬೆ ನೋಡಲೇ ಇಲ್ಲ. ಕಣ್ಣು ಮುಚ್ಚಿದ್ದೆ."

"ಬಿಸಿಲಾ?"

"ಪ್ರಾರ್ಥನೆ."

ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಯಾರಿಗೋಸ್ಕರ?"

"ನಿನಗೋಸ್ಕರ."

"ನಂಗೋಸ್ಕರ ಆಗಿದ್ರೆ ನೋಡ್ಬೇಕಿತ್ತು ಮಾವ."

ಕೋಪವನ್ನು ನುಂಗಿಕೊಂಡೇ ಆ ಮಾತು ಬಂದಿತು. ಆಕೆ ಕಿವಿಮುಚ್ಚನ್ನು ಮರಳಿ ಕೂರಿಸತೊಡಗಿದಳು. "ಆರು ದಿನದಿಂದ ನನ್ನ ಕಿವಿನೇ ಬೈಕೊಂಡಿದ್ದೆ. ಡಾಕ್ಟರ್ ಹತ್ರ ಬೇರೆ ಹೋಗೋಳಿದ್ದೆ." ಎದ್ದು ಒಳಗೆ ಹೋದಳು.

ಬಾಗಿಲ ಮರೆಯಲ್ಲಿದ್ದ ಮನೆಯಾಕೆ ಎಲ್ಲವನ್ನೂ ಕೇಳಿದ್ದಳು. ಬಯ್ಯುವಳೆಂದು ತಲೆ ತಗ್ಗಿಸಿದೆ.

"ಒಂದು ವಾರದಿಂದ ತಟ್ಟೇಲಿ ಬೆರಳಾಡಿಸ್ತಾ ಇದ್ರಿ. ಯಾವ ಕಾಯಿಲೆಯೋ ಅಂತಿದ್ದೆ. ಬನ್ನಿ, ಬಿಸಿ ಇದೆ."

ಎರಡು ಸಲ ಬಡಿಸಿಕೊಂಡು ಉಂಡೆ.

ಮಾರ್ಚ್ ೨೬, ಭಾನುವಾರ.

ಬೇರೊಬ್ಬ ಕಾವಲುಗಾರನನ್ನು ಹುಡುಕುವಳೆಂದು ಎಣಿಸಿದ್ದೆ. ಅದು ನ್ಯಾಯವೂ ಆಗಿತ್ತು. ಬೆಳಗ್ಗೆ ಹತ್ತಕ್ಕೆ ಹಗ್ಗದವನು ಪ್ಲಾಸ್ಟರಿನ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಬಂದ. ಸೊಸೆ ಹೇಳಿಕಳಿಸಿದ್ದಳಂತೆ, ನನ್ನ ಬದಲಿಗೆ ನಿಲ್ಲಲಲ್ಲ, ನನ್ನನ್ನು ಪಳಗಿಸಲು. ಗೋಡೆಯಾಚೆ ನಿಂತು, ತುದಿಗೆ ಬಟ್ಟೆ ಕಟ್ಟಿದ ಉದ್ದದ ಗಳವೊಂದನ್ನು ಒಂದೇ ಕೈಯಿಂದ ಎತ್ತಿ ಹಿಡಿದ. ತನಗೆ ತೋಚಿದಾಗ ಅಲ್ಲಾಡಿಸುವುದು; ಕಂಡ ಕೂಡಲೇ ನಾನು ಊದುವುದು. ಅಷ್ಟು ಹೊತ್ತೂ ನಾನು ಗಟ್ಟಿಯಾಗಿ ಪ್ರಾರ್ಥನೆ ಹೇಳುತ್ತಿರಬೇಕು. ಇದು ಸೊಸೆಯ ಷರತ್ತು.

ಮೊದಲ ಇಪ್ಪತ್ತರಲ್ಲಿ ನಾಲ್ಕು ತಪ್ಪಿದವು. ರೆಪ್ಪೆಗಳು ತಮ್ಮಷ್ಟಕ್ಕೆ ತಾವೇ ಇಳಿಯುತ್ತಿದ್ದವು. ಏಳು ದಶಕಗಳ ಅಭ್ಯಾಸ.

"ಯಜಮಾನ್ರೇ, ದೇವರು ಎಲ್ಲೂ ಹೋಗಲ್ಲ. ಕೊಂಬೆ ಬರುತ್ತೆ." ಗೋಡೆಯಾಚೆಯಿಂದ ಧ್ವನಿ.

ಮಧ್ಯಾಹ್ನದ ಹೊತ್ತಿಗೆ ಒಂದೂ ತಪ್ಪಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸೊಸೆ ಬಂದು ನೋಡಿ, "ಮಿಟುಕಿಸಬಹುದು ಮಾವ, ಅಷ್ಟಕ್ಕೆ ಅಡ್ಡಿಯಿಲ್ಲ" ಎಂದಳು. ಶುಕ್ರವಾರದ ಅನಂತರ ನನ್ನೊಡನೆ ಆಡಿದ ಮೊದಲ ಮಾತು.

ಏಪ್ರಿಲ್ ೧, ಶನಿವಾರ. ಸಂಜೆ ಆರು ಗಂಟೆ.

ಮುಗಿಯಿತು. ಮುಗಿಯಿತು. ಭಗವಂತನು ದೊಡ್ಡವನು.

ಶಾಲೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಯಂತ್ರ ಓಡಿದ ಕ್ಷಣದಿಂದ ದೃಷ್ಟಿ ತುದಿಯಿಂದ ಕದಲಲಿಲ್ಲ. ತುಟಿ ತನ್ನ ಕೆಲಸ ಮಾಡುತ್ತಿತ್ತು, ಕಣ್ಣು ತನ್ನದು. ಮೂರು ಸಲ ಊದಿದೆ. ಮೊದಲನೆಯದು ಕೊಂಬೆಯ ಗೂಡಿನಿಂದ ಎದ್ದ ಕಾಗೆಗೆ. ಎರಡನೆಯದು ಮೇಲೆಲ್ಲೋ ಸಿಕ್ಕಿಕೊಂಡು ಗಾಳಿಗೆ ಪಟಪಟಿಸಿದ ಪ್ಲಾಸ್ಟಿಕ್ ಚೀಲಕ್ಕೆ. ಮೂರನೆಯದು... ನನ್ನ ಕನ್ನಡಕದ ಮೇಲೆ ಕುಳಿತ ನೊಣಕ್ಕೆ.

ಮೂರು ಸಲವೂ ಸೊಸೆಗೆ ಕೇಳಿಸಿತು. ಮೂರು ಸಲವೂ ಸರಪಳಿಯ ಬ್ರೇಕು ಒತ್ತಿ, ಹಸನು ಮಾಡಿದ ದಾರಿಯಲ್ಲೇ ಹಿಂದೆ ಸರಿದು, ಮೇಲೆ ನೋಡಿ, ಕೈ ಎತ್ತಿ ತೋರಿಸಿ, ಮತ್ತೆ ಬುಡಕ್ಕೆ ಹೋದಳು. ಮುಖ ಸಿಂಡರಿಸಲಿಲ್ಲ.

ಹಗ್ಗದವನು ತಡೆಯಲಾರದೆ ನಕ್ಕ: "ನೊಣಕ್ಕೂ ಸೀಟಿ! ಯಜಮಾನ್ರೇ, ನಾಳೆ ಸೊಳ್ಳೆ ಬಂದ್ರೆ ಫೈರ್ ಎಂಜಿನ್ ಕರೀತೀರಾ?"

ನಾಚಿಕೆಯಿಂದ ಕುಗ್ಗಿದೆ. ಕ್ಷಮೆ ಕೇಳಲು ಹೋದರೆ ಸೊಸೆ ನೀರಿನ ಬಾಟಲಿ ಇಳಿಸಿ ಅಂದಳು: "ಸುಮ್ನೆ ಊದಿದ್ರೆ ನಂಗೆ ಹತ್ತು ಹೆಜ್ಜೆ ನಡಿಗೆ ಮಾವ. ಅಷ್ಟೇ ತಾನೇ. ಊದ್ತಾ ಇರಿ."

ಬೆಣೆಗೆ ಮೂರು ಪೆಟ್ಟು. ಕೀಲು ನರಳಿತು. ಅಷ್ಟೆತ್ತರದ ಮರ, ತನಗೆಂದು ಬಿಡಿಸಿಟ್ಟ ಹಾಸಿಗೆಯಲ್ಲಿ ಹಿರಿಯರೊಬ್ಬರು ಒರಗುವಂತೆ, ಖಾಲಿ ಅಂಗಳದ ಉದ್ದಕ್ಕೆ ಒರಗಿತು. ಧೂಳು ಅಡಗುವವರೆಗೂ ತುದಿಯನ್ನೇ ನೋಡುತ್ತಿದ್ದೆ. ಸೊಸೆ ಬಂದು ಹೆಗಲು ಮುಟ್ಟಿ, "ಬಿತ್ತು ಮಾವ, ಇನ್ನು ಮುಚ್ಕೊಳ್ಳಿ" ಎಂದಳು. ಆಗ ಮುಚ್ಚಿದೆ. ಎಂತಹ ಸುಖ.

ಈಗ ಅಡುಗೆಮನೆಯಲ್ಲಿ ತಟ್ಟೆಗಳ ಸದ್ದು. ಗಡಿಯಾರದವನೂ ಊಟಕ್ಕೆ ಬಂದಿದ್ದಾನೆ. ನೊಣದ ಕಥೆ ಅವನಿಗೆ ಆಗಲೇ ತಲುಪಿದೆ. ಮೂವರು ಒಂದೇ ಉಸಿರಿಗೆ ಕರೆಯುತ್ತಿದ್ದಾರೆ. ಏಳುವ ಮುನ್ನ ನಾಲ್ಕು ಮಾತು.

ಸೊಸೆಯ ಎರಡು ಕೈಗಳೂ ನೂರು ಕಾಲ ಅವಳವೇ ಆಗಿರಲಿ. ಹಗ್ಗದವನ ಮಣಿಕಟ್ಟು ಬೇಗ ಕೂಡಲಿ, ಅವನ ನಾಲಿಗೆ ಹೀಗೆಯೇ ಇರಲಿ. ಮನೆಯಾಕೆಯ ಒಲೆ ಆರದಿರಲಿ. ಗಡಿಯಾರದವನ ಮಾಡಿನ ಮೇಲೆ ಮಳೆಯಲ್ಲದೆ ಬೇರೇನೂ ಬೀಳದಿರಲಿ. ಇಂದು ಗೂಡು ಕಳೆದುಕೊಂಡ ಕಾಗೆಗೆ ಹಸಿರು ಕೊಂಬೆ ಸಿಗಲಿ. ಎಲ್ಲೆಲ್ಲಿ ಯಾರು ಯಾರು ಮರದ ಬುಡದಲ್ಲಿ ತಲೆ ಬಗ್ಗಿಸಿ ನಿಂತಿದ್ದಾರೋ, ಅವರೆಲ್ಲರೂ ಸಂಜೆ ತಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುವಂತಾಗಲಿ. ಅವರಿಗಾಗಿ ತಲೆಯೆತ್ತಿ ನಿಂತವರಿಗೂ—